ಹಾಯಿದೋಣಿಯ ತಂತಿ ಬಿಗಿಯುತ್ತಿದ್ದವರು

ಬಿಗಿದು ಕಟ್ಟಿದ ತಂತಿ ಕಂಡರೆ ನಮ್ಮ ಮನೆಯವರು ಅದನ್ನು ಮೀಟದೆ ಮುಂದೆ ಹೋದವರಲ್ಲ. ಮಂದಿಯ ಹೊಲದ ಬೇಲಿಯಾಗಲಿ, ಬಟ್ಟೆ ಒಣಹಾಕುವ ತಂತಿಯಾಗಲಿ, ಬೆರಳಿನಿಂದ ಒಮ್ಮೆ ಟಣ್ ಅನ್ನಿಸಿ, ಕಿವಿ ಓರೆ ಮಾಡಿ ನಿಲ್ಲುವರು. ಹೆಸರು ಶಂಭುಲಿಂಗಪ್ಪ. ಕಾರವಾರದಲ್ಲಿ ದೋಣಿ ದುರಸ್ತಿಯ ಶೆಡ್ಡಿನಲ್ಲಿ ವಯಸ್ಸೆಲ್ಲ ಕಳೆದು, ನಮ್ಮೂರು ಬಮ್ಮಿಗಟ್ಟಿಗೆ ತಿರುಗಿ ಬರುವಾಗ ಟೆಂಪೋದಲ್ಲಿ ಒಂದು ಹಳೆಯ ಪುಟ್ಟ ಹಾಯಿದೋಣಿ ಹಾಕಿಕೊಂಡು ಬಂದರು. ನೆಲದ ಮೇಲೂ ಕಾಲು ಅಗಲಿಸಿ ನಡೆಯುತ್ತಿದ್ದರು, ಅಂಗಳ ಎಲ್ಲಿ ಅಲುಗೀತೋ ಎಂಬಂತೆ.

ಬಾಜೂ ಮನೆಯ ಬಸಕ್ಕ ಬಿಡುತ್ತಾಳೆಯೇ?

“ಏನ್ ಶಂಭಣ್ಣಾ, ಕೆರಿ ದಾಟಿ ಗೋವಾಕ್ಕ ಹೊಂಟೀ ಏನಪಾ?”

“ನಿನಗೂ ಜಾಗಾ ಹಿಡದೇನಿ ಬಸಕ್ಕಾ. ಬುತ್ತಿ ಕಟಗೊಂಡು ಬಾ.”

ದೋಣಿಯನ್ನು ನೀರಿಗಿಳಿಸುವ ಮುಂಚೆ ಊರ ಕೆರೆಯ ದಂಡೆಯಲ್ಲೇ ಅದರೊಳಗೆ ಅಂಗಾತ ಮಲಗಿ, ಒಂದು ಕಣ್ಣು ಮುಚ್ಚಿ, ಹಾಯಿ ಕಟ್ಟುವ ಕಂಬವನ್ನು ಬುಡದಿಂದ ತುದಿಯವರೆಗೆ ನೋಡುವರು. ಕಂಬವನ್ನು ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ತಂತಿ ಹಿಡಿದಿರುತ್ತವೆ. ಅವುಗಳ ಬುಡದ ತಿರುಪಿಗೆ ಪಾನಾ ಹಾಕಿ ಒಂದಿಷ್ಟು ತಿರುವುವುದು, ಬಿಗಿ ಸರಿಯಾಯಿತೇ ಎಂದು ಎದ್ದು ಮೀಟುವುದು, ಮತ್ತೆ ಮಲಗುವುದು. ರೊಟ್ಟಿ ಆರಿ ಹಪ್ಪಳವಾದರೂ ಏಳುತ್ತಿರಲಿಲ್ಲ. ನನಗೆ ಸಿಟ್ಟು. ನನ್ನನ್ನು ಯಾವತ್ತು ಅಷ್ಟೊತ್ತು ನೋಡಿದ್ದರು?

ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿತ್ತು. ಬಾಯಿ ಸೊಟ್ಟಾಯಿತು. ಆದರೂ ಒಂದೇ ಹಟ, ಇನ್ನೊಮ್ಮೆ ದೋಣಿ ಬಿಡಬೇಕು. ಪಾನಾ ತಂದು ನನ್ನ ಕೈಗೆ ಕೊಟ್ಟರು. ನನಗೆ ಗೊತ್ತಿದ್ದದ್ದು ಎಮ್ಮೆ ಕಟ್ಟುವುದು, ಹೇರು ಬಿಗಿಯುವುದು. ಬಿಗಿದಷ್ಟೂ ಗಟ್ಟಿ ಎಂದು, ಅವರು ಬೀಳಬಾರದೆಂದು, ಮೈಯ ಶಕ್ತಿಯೆಲ್ಲ ಹಾಕಿ ತಿರುವಿದೆ. ದೋಣಿ ಕಿರ್ ಅಂದಿತು. ಕಂಬ ನಡುವಿನಲ್ಲಿ ಬಾಗಿತು.

“ಲೇ ಕಸ್ತೂರಿ, ಮುರೀತೀಯೇನ ಅದನ್ನ? ಸಡಲಸು.”

“ಸಡ್ಲ ಮಾಡಿ, ನೀವು ನೀರಾಗ ಬಿದ್ದರ?”

“ತಂತಿ ಇರೂದು ಕಂಬಕ್ಕ. ನನಗ ನೀ ಅದೀಯಲ್ಲ. ಹತ್ತು.”

ಈಜು ಬಾರದ ನಾನು ತಂತಿ ಸಡಿಲಿಸಿ, ಸೀರೆಯ ಮೇಲೆ ತೇಲುವ ಜಾಕೀಟು ತೊಟ್ಟು ಹತ್ತಿದೆ. ಎಡಗೈಯಲ್ಲಿ ಅವರು ಚುಕ್ಕಾಣಿ ಹಿಡಿದರು, ಹಾಯಿಯ ಹಗ್ಗ ನನಗೆ ಕೊಟ್ಟರು. ಗಾಳಿ ತುಂಬಿ ದೋಣಿ ಓರೆಯಾಯಿತು. ಒಂದು ಕಡೆಯ ತಂತಿ ಬಿಗಿದು ನಿಂತರೆ, ಇನ್ನೊಂದು ಕಡೆಯದು ಸಡಿಲಾಗಿ ಅಲ್ಲಾಡತೊಡಗಿತು. ಅದನ್ನು ಬಿಗಿಯಲೆಂದು ಪಾನಾಕ್ಕೆ ಕೈ ಹಾಕಿದೆ.

“ಸುಮ್ಮನ ಕುಂದರ. ಗಾಳಿ ಬಂದ ಕಡೀದು ದುಡ್ಯಾಕತ್ತೈತಿ, ಸಡಲ ಆದದ್ದಕ್ಕ ಈಗ ಸೂಟಿ.”

ಸೊಟ್ಟ ಬಾಯಲ್ಲೇ ನಕ್ಕರು. ಕೆರೆ ಸುತ್ತಿ ಬಂದೆವು. ದಂಡೆಗೆ ಇಳಿದ ಮೇಲೂ ಹಾಯಿಯ ಹಗ್ಗವನ್ನು ನಾನು ಬಿಟ್ಟಿರಲಿಲ್ಲ.

ಈ ಸಲದ ಮಳೆಗಾಲವನ್ನು ಅವರು ಕಾಣಲಿಲ್ಲ.

ಹೆದರಬೇಡ ಎಂದು ಅವರ ಬಾಯಿಂದ ನಾನು ಕೇಳಲೇ ಇಲ್ಲ. ಇಂಥ ಗಂಡಸರು ಹಾಗೆ ಹೇಳುವವರಲ್ಲ. ಹೆದರಿದ ಕೈಗೇ ಕೆಲಸ ಕೊಟ್ಟು ಬಾಜೂಕ್ಕೆ ಕೂರುತ್ತಾರೆ. ಎಲ್ಲ ಕಲಿಸುತ್ತಾರೆ. ತಾವು ಬಾಜೂಕ್ಕೆ ಇಲ್ಲದಾಗ ಹೇಗೆ ಕೂರಬೇಕೆಂಬುದೊಂದನ್ನು ಮಾತ್ರ ಕಲಿಸದೆ ಎದ್ದು ಹೋಗುತ್ತಾರೆ.