ಎಲೆಯ ತುದಿಯ ಲಿವರ್

ಸಂಜೆ ಕಲ್ಲುರ್ಟಿ ದೈವದ ಗುಡಿಗೆ ದೀಪ ಇಡಲು ಹೋದ ಕುಶಲಾ ಹಿಂಬದಿಯ ಹಲಸಿನ ಬುಡದಲ್ಲಿ ಬಾಳೆ ಎಲೆಯೊಂದನ್ನು ಕಂಡು ಅಲ್ಲೇ ನಿಂತಳು. ಕೋಳಿ ಸಾರು, ರೊಟ್ಟಿ, ಇನ್ನೂ ಬಿಸಿ ಆರಿರಲಿಲ್ಲ. ಯಾರೋ ಕದ್ದುಮುಚ್ಚಿ ದೈವಕ್ಕೆ ಕೋಳಿಯ ಎಡೆ, ಅಗೆಲು, ಬಡಿಸಿದ್ದರು!

ಬೆಳ್ಮಣ್ಣಿನ ಕುಶಲಾಳ ಕುಟುಂಬದಲ್ಲಿ ಅಗೆಲು ತಲೆತಲಾಂತರದ್ದು. ಆದರೆ ಕಳೆದ ವರ್ಷ ಮುರಕಲ್ಲಿನ ಕಟ್ಟೆ ಹೋಗಿ ಗ್ರಾನೈಟಿನ ಗುಡಿ ಬಂತು, ಅದರ ಬೆನ್ನಿಗೇ ಸಮಿತಿಯ ಹೊಸ ನಿಯಮವೂ ಬಂತು. ಇನ್ನು ಕೋಳಿ ಇಲ್ಲ, ಬರೀ ಪಂಚಕಜ್ಜಾಯ. ಸಮಿತಿಯ ಅಧ್ಯಕ್ಷ ಕುಶಲಾಳ ತಂಗಿಯ ಮಗ ಜಿತೇಶ್, ಮಣಿಪಾಲದಲ್ಲಿ ಕಂಟ್ರಾಕ್ಟರ್, ಹೆಂಡತಿ ಅಕ್ಷಿತಾಳೊಂದಿಗೆ ಅಲ್ಲೇ ಮನೆ. ಕಾಲ ಬದಲಾಗಿದೆ, ದೈವಾರಾಧನೆಯೂ ಶುದ್ಧವಾಗಬೇಕು ಎಂದು ಮೈಕ್ ಹಿಡಿದು ಹೇಳಿದವನು ಅವನೇ. ದೈವವನ್ನು ಮಾತ್ರ ಯಾರೂ ಕೇಳಲಿಲ್ಲ. ಮೈಯೆಲ್ಲ ಉರಿದರೂ ಕುಶಲಾ ಬಾಯಿ ಮುಚ್ಚಿಕೊಂಡಿದ್ದಳು. ಅಮ್ಮನಿಂದ ಬಂದ ಗುಡಿಯ ಕೀಲಿಕೈ ತನ್ನ ಸೊಂಟದಲ್ಲಿ ಉಳಿದರೆ ಸಾಕಿತ್ತು ಅವಳಿಗೆ.

ಅವಳಿಗೆ ಮೊದಲು ಗುಮಾನಿ ಬಂದದ್ದು ಬೇಲಿಯಾಚೆಯ ಫೌಸ್ಟಿನ್ ಮೇಲೆ. ಕೋಳಿ ಸಾಕುವವನು, ಹಿಂದೆಲ್ಲ ಅಗೆಲಿಗೆ ಹುಂಜ ಕೊಡುತ್ತಿದ್ದವನು. ಆದರೆ ಬಗ್ಗಿ ನೋಡಿದರೆ, ಎಲೆಯ ತುದಿಯಲ್ಲಿ ಕೋಳಿಯ ಲಿವರ್ ಬೇರೆಯಾಗಿ ಇಟ್ಟಿತ್ತು.

ಅದು ಈ ಮನೆಯ ಕ್ರಮ. ಬಡಿಸುವಾಗ ಉಳಿದವರೆಲ್ಲ ಅಂಗಳದಾಚೆ ನಿಲ್ಲಬೇಕು, ಎಲೆಯನ್ನು ಕಂಡವರಿಲ್ಲ. ಅಮ್ಮ ಕಲಿಸಿದ್ದು ಕುಶಲಾಳಿಗೆ ಮಾತ್ರ. ಪಾತ್ರೆ ಹಿಡಿಯಲು ಕುಶಲಾ ಯಾರಿಗೂ ತಿಳಿಯದ ಹಾಗೆ ಜೊತೆಗೆ ಕರೆದುಕೊಳ್ಳುತ್ತಿದ್ದದ್ದು ಒಬ್ಬನನ್ನೇ, ಜಿತೇಶನನ್ನು. ಛೆ, ಅವನಾಗಿರಲಿಕ್ಕಿಲ್ಲ ಎಂದು ಎಲೆಯನ್ನು ಮಡಚುವಷ್ಟರಲ್ಲಿ ಸಮಿತಿಯವರಿಬ್ಬರು ಅಲ್ಲಿಗೆ ಬಂದೇಬಿಟ್ಟರು.

ಊರಿಡೀ ಸುದ್ದಿಯಾಯಿತು. ಬಡಿಸಿದ್ದು ಕುಶಲಕ್ಕನೇ, ಭಾನುವಾರದ ಸಭೆಯಲ್ಲಿ ಕೀಲಿಕೈ ಕಿತ್ತುಕೊಳ್ಳಬೇಕು ಎಂದರು. ಜಿತೇಶ್ ಎದುರು ಸಿಕ್ಕರೆ ಮುಖ ತಪ್ಪಿಸುತ್ತಿದ್ದ. ಅದೇ ಅವಳ ಸಂಶಯಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು. ಅಂದಿನಿಂದ ಪ್ರತಿ ಸಂಜೆ ಅವಳು ಗುಡಿಯ ಮರೆಯಲ್ಲಿ ಕಾದು ಕೂತಳು.

ಶುಕ್ರವಾರ ಕಾರು ದೂರದಲ್ಲೇ ನಿಂತಿತು. ಜಿತೇಶ್ ಚಪ್ಪಲಿ ಬಿಟ್ಟು, ಸ್ಟೀಲಿನ ಕ್ಯಾರಿಯರ್ ಹಿಡಿದು ಕಳ್ಳನ ಹಾಗೆ ಬಂದ. ಎಲೆ ಹಾಸಿದ, ಬಡಿಸಿದ, ತುದಿಗೆ ಲಿವರ್ ಇಟ್ಟು ಕೈಮುಗಿದ.

"ಎಂತ ಅಧ್ಯಕ್ಷರೇ, ಪಂಚಕಜ್ಜಾಯ ಮುಗಿಯಿತಾ?"

ಅವನು ಬೆಚ್ಚಿಬಿದ್ದ. ಆಮೇಲೆ ಅಲ್ಲೇ ಕುಸಿದು ಕೂತ. "ದೊಡ್ಡಮ್ಮ, ಅಕ್ಷಿತಾಗೆ ಎರಡು ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಿಮಗೆ ಗೊತ್ತುಂಟಲ್ಲ. ಈ ಸಲ ಐದು ತಿಂಗಳು. ಅಗೆಲು ನಿಲ್ಲಿಸಿದವನು ನಾನೇ ಅಲ್ವಾ? ನನಗೆ ಹೆದರಿಕೆ ಆಗ್ತದೆ."

ಕುಶಲಾಳ ಸಿಟ್ಟು ಅರ್ಧ ಇಳಿಯಿತು. ಪಾಪ ಎನಿಸಿತು. "ಹಾಗಾದರೆ ಸಭೆಯಲ್ಲಿ ಹೇಳು ಮಾರಾಯ."

"ಹೇಳಿದರೆ ನನ್ನ ಮರ್ಯಾದೆ ಹೋಗ್ತದೆ. ನೀವು ಸುಮ್ಮನಿರಿ ದೊಡ್ಡಮ್ಮ, ಕೀಲಿಕೈ ನಿಮ್ಮಲ್ಲೇ ಉಳಿಯುವ ಹಾಗೆ ನಾನು ಮಾಡ್ತೇನೆ."

ಹೇಗೆ ಮಾಡುತ್ತಾನೆಂದು ಅವಳು ಕೇಳಲಿಲ್ಲ. ಕೀಲಿಕೈಯ ಆಸೆ ಅವಳ ಬಾಯಿ ಕಟ್ಟಿತು.

ಭಾನುವಾರ ಗುಡಿಯ ಅಂಗಳದಲ್ಲಿ ಸಭೆ. ಜಿತೇಶ್ ಎದ್ದು ಗಂಟಲು ಸರಿಪಡಿಸಿಕೊಂಡ. "ವಿಚಾರಿಸಿ ನೋಡಿದೆ. ದೊಡ್ಡಮ್ಮನದು ತಪ್ಪಿಲ್ಲ. ಇದು ಬೇಲಿಯಾಚೆಯಿಂದ ಬಂದದ್ದು. ನಮ್ಮ ದೈವದ ಜಾಗ ಕೆಡಿಸಲಿಕ್ಕೆ ಫೌಸ್ಟಿನ್ ಮಾಡಿದ್ದು."

ಜನ ಒಮ್ಮೆಲೇ ಗುಜುಗುಜು ಮಾಡಿದರು. ಇಬ್ಬರು ಆಗಲೇ ಎದ್ದು ಬೇಲಿಯ ಕಡೆ ನಡೆದರು. ಅಲ್ಲಿ ಫೌಸ್ಟಿನ್ ಏನೂ ತಿಳಿಯದೆ ಕೋಳಿಗಳಿಗೆ ಅಕ್ಕಿ ಹಾಕುತ್ತಿದ್ದ.

"ನಿಲ್ಲಿ!" ಕುಶಲಾ ಎದ್ದು ನಿಂತಳು. "ಎಲೆಯ ತುದಿಯಲ್ಲಿ ಲಿವರ್ ಇತ್ತು. ಅಗೆಲಿಗೆ ಹಾಗೆ ಇಡುವುದು ನಮ್ಮ ಮನೆಯ ಕ್ರಮ. ಫೌಸ್ಟಿನನಿಗೆ ಅದೆಲ್ಲ ಎಂತ ಗೊತ್ತು? ಗೊತ್ತಿರುವುದು ಇಬ್ಬರಿಗೆ. ಒಬ್ಬಳು ನಾನು. ನಾನು ಬಡಿಸಲಿಲ್ಲ."

"ಇನ್ನೊಬ್ಬರು ಯಾರು?" ಎಂದು ಯಾರೋ ಕೂಗಿದರು.

ಅವಳು ಸೊಂಟದ ಕೀಲಿಕೈ ಬಿಚ್ಚಿ ಗುಡಿಯ ಮೆಟ್ಟಿಲ ಮೇಲಿಟ್ಟಳು. "ಅವರೇ ಬಂದು ಇದನ್ನು ಎತ್ತಿಕೊಳ್ಳಲಿ. ಅಪ್ಪೆ ಕಲ್ಲುರ್ಟಿಗೆ ಹೆದರುವವರು ದೀಪವನ್ನೂ ಇಡಲಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಜಿತೇಶ್ ಮಾತ್ರ ಆ ಕೀಲಿಕೈಯನ್ನೇ ನೋಡುತ್ತಿದ್ದ.