ಮಂಚಕ್ಕೆ ಕೆಂಪು ರೆಕ್ಸಿನ್

ನನ್ನ ಮದುವೆಯ ಹಲಸಿನ ಮಂಚವನ್ನು ಮಗ ಕದಿರೇಶ ಕೊಯ್ಸಿ ಸೋಫಾ ಮಾಡಿಸಿದ. ಮಾಡಿಸಿದ್ದಕ್ಕೆ ನನಗೆ ಕೋಪವಿಲ್ಲ. ನನಗೆ ಹೇಳದೇ ಮಾಡಿಸಿದನಲ್ಲ, ಅದಕ್ಕೆ ಅವನ ಕಿವಿ ಹಿಂಡಬೇಕು. ಮದುವೆಯಾದ ಗಂಡಸಿಗೆ ಇನ್ನೂ ಹುಡುಗಾಟ.

ಎಂಬತ್ತೊಂದನೇ ಇಸವಿಯಲ್ಲಿ ಕೋಲಾರದಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ನಾನು ಅದಕ್ಕೆ ಒಪ್ಪಿದ್ದೇ ರೇಷ್ಮೆ ಹುಳುವಿನ ಸಲುವಾಗಿ. ಸುಗಟೂರಿನ ನಮ್ಮ ಮನೆಯಲ್ಲಿ ಹುಳು ಮೈಬಣ್ಣ ತಿರುಗಿ ಹಣ್ಣಾಯಿತೋ ಇಲ್ಲವೋ ನೋಡಿ, ಹಣ್ಣಾದದ್ದನ್ನು ಮಾತ್ರ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವ ಕೆಲಸ ನಾನು ಸೊಸೆಯಾಗಿ ಬಂದಾಗಿನಿಂದ ನನ್ನದೇ. ಹಿಂದಿನ ಬೆಳೆಯಲ್ಲಿ ಕಣ್ಣು ಮಂಜಾಗಿ ಹಣ್ಣಾಗದ ಹುಳುಗಳನ್ನೂ ಬಿಟ್ಟಿದ್ದೆ. ಸೊಸೆ ವೆಂಕಟರತ್ನಮ್ಮ ತುಟಿ ಬಿಚ್ಚದೆ, ನನ್ನ ಬೆನ್ನ ಹಿಂದೆ ನಿಂತು ಅವನ್ನು ವಾಪಸು ತಟ್ಟೆಗೆ ಹಾಕುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನಿದ್ದಳಲ್ಲ, ಇನ್ನು ನಾನು ಈ ಮನೆಯಲ್ಲಿ ಯಾತಕ್ಕೂ ಬೇಡ ಅನ್ನಿಸಿಬಿಟ್ಟಿತು.

ಆಪರೇಷನ್ ಆದಮೇಲೆ ಒಲೆಯ ಹೊಗೆ ತಾಗಬಾರದೆಂದು ಕೋಲಾರದ ಮಗಳ ಮನೆಯಲ್ಲಿ ಇರಿಸಿಕೊಂಡರು. ಆಮೇಲೆ ಸೋಡಾಬುಡ್ಡಿ ಕನ್ನಡಕ ಬಂತು. ಇದರಲ್ಲಿ ಕೆಲವು ದಿನ ಎಲ್ಲ ದೊಡ್ಡದಾಗಿ, ಡೊಂಕಾಗಿ, ಹತ್ತಿರದಲ್ಲಿರುವ ಹಾಗೆ ಕಾಣುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದರು. ನಿಜವೇ. ಊರಿನಲ್ಲಿ ಬಸ್ಸಿಳಿಯುವಾಗ ಮೆಟ್ಟಿಲು ಒಂದು ಕಡೆ, ನನ್ನ ಕಾಲು ಇನ್ನೊಂದು ಕಡೆ.

ಮಾಲೂರಿನ ಹೆಂಚಿನ ಕಾರ್ಖಾನೆಗೆ ರಜ ಹಾಕಿ ಕದಿರೇಶ ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಬಾ, ನಿನ್ನ ಮಂಚದ ಮೇಲೆ ಕೂತುಕೋ ಎಂದ. ನೋಡುತ್ತೇನೆ, ಪಡಸಾಲೆಯಲ್ಲಿ ಮಂಚವೇ ಇಲ್ಲ. ಅದರ ಜಾಗದಲ್ಲಿ ಕೆಂಪಗೆ ಊದಿಕೊಂಡು, ಬೆನ್ನು ತೋಳು ಎಲ್ಲ ಇರುವ ಏನೋ ಒಂದು ಕೂತಿದೆ. ಕಾಲು ಗಿಳಿಹಸಿರು, ಅಂಚಿಗೆ ಹಿತ್ತಾಳೆ ಮೊಳೆಯ ಹಾಗೆ ಹೊಳೆಯುವ ಚುಕ್ಕೆಗಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡೆ. ಅದು ಇನ್ನೂ ಕೆಂಪಾಯಿತು.

"ಮಂಚ ಎಲ್ಲೋ?" ಎಂದೆ.

"ಎದುರಿಗೇ ಐತಲ್ಲಮ್ಮ. ಅದೇ ಮಂಚ," ಎಂದು ನಕ್ಕ.

ನನ್ನ ಮಗ ಏನೇ ಆದರೂ ಸುಳ್ಳು ಹೇಳುವವನಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಕಣ್ಣು. ಸುಸ್ತಾಗಿದೆ ಅಂದು ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ತಿರುಗುವಾಗ ಕಂಡೆ, ಅವನ ಮುಖ ಸಣ್ಣದಾಗಿತ್ತು. ಅದು ಯಾಕೆ ಎಂದು ನನಗೆ ತಿಳಿಯಲಿಲ್ಲ.

ಎದ್ದು ಮನೆಯೆಲ್ಲ ಸುತ್ತಿದೆ. ಕ್ಯಾಲೆಂಡರು ಕ್ಯಾಲೆಂಡರಿನ ಹಾಗೇ ಇತ್ತು. ಹಿತ್ತಲಿನ ನುಗ್ಗೆಮರ, ಕಟ್ಟಿದ ಎಮ್ಮೆ ಸ್ವಲ್ಪ ಡೊಂಕಾಗಿದ್ದರೂ ಅವೇ. ಮಂಚ ಮಾತ್ರ ಯಾಕೆ ಹೀಗೆ? ಅಥವಾ ಎಲ್ಲವೂ ತಪ್ಪಾಗಿಯೇ ಕಾಣುತ್ತಿದ್ದು, ನನಗೆ ಗೊತ್ತಾಗಿರುವುದು ಮಂಚ ಒಂದೇನಾ? ಹತ್ತಿರ ಹೋಗಿ ಮುಟ್ಟಿ ನೋಡಬಹುದಿತ್ತು. ಕಣ್ಣು ಹಾಳಾಗಿದೆ ಎಂದು ಖಾತ್ರಿಯಾಗಿಬಿಟ್ಟರೆ ಗತಿಯೇನು ಎಂದು ಧೈರ್ಯ ಬರಲಿಲ್ಲ. ಎಲ್ಲರೂ ಓಡಾಡಿ ಮಾಡಿಸಿದ ಕಣ್ಣು. ಯಾರಿಗೆ ಅಂತ ಹೇಳಲಿ?

ಮಾರನೆಯ ಬೆಳಿಗ್ಗೆ ಸೊಸೆ ಬಂದು, ಹುಳು ಹಣ್ಣಾಗುತ್ತಿವೆ, ಬಂದು ಆರಿಸಿ ಎಂದಳು. ನನ್ನಿಂದಾಗದು, ನೀನೇ ನೋಡಿಕೋ ಎಂದೆ. ಅವಳು ಹೋಗಲಿಲ್ಲ. ಸೆರಗಿನ ತುದಿ ತಿರುಚುತ್ತಾ ಅಲ್ಲೇ ನಿಂತಳು.

"ಅತ್ತೆ, ಮಂಚ ಕೊಯ್ಸಿದ್ದಕ್ಕೆ ಕೋಪಾನಾ? ನಾನು ಬೇಡ ಅಂದೆ. ಅಮ್ಮ ಹೊಸ ಕಣ್ಣಲ್ಲಿ ನೋಡಿ ಖುಷಿ ಪಡ್ಲಿ, ಯಾರೂ ಬಾಯಿ ಬಿಡಬೇಡಿ ಅಂದ್ರು ನಿಮ್ ಮಗ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವಳ ಕೈ ಹಿಡಿದುಕೊಂಡು ಕೇಳಿದೆ, ಅದು ಯಾವ ಬಣ್ಣ? ಕೆಂಪು ರೆಕ್ಸಿನ್ ಎಂದಳು. ಕಾಲು? ಹಸಿರು. ಅಂಚಿನಲ್ಲಿ ಹಿತ್ತಾಳೆ ಮೊಳೆ ಹೊಡೆದಿದ್ದಾರಾ? ಹೂಂ ಅತ್ತೆ, ಸಾಲಾಗಿ.

ನಾನು ಗೊಳೋ ಎಂದು ಅತ್ತುಬಿಟ್ಟೆ. ಕದಿರೇಶ ಓಡಿ ಬಂದ. ಕಾರ್ಖಾನೆ ಸಾಹುಕಾರರ ಮನೆಯಲ್ಲಿ ಅಂಥದ್ದು ನೋಡಿದ್ದನಂತೆ, ಅಮ್ಮನೂ ಅಂಥದ್ದರ ಮೇಲೆ ಕೂರಲಿ ಎಂದು ಆಸೆಪಟ್ಟನಂತೆ. ತಪ್ಪಾಯಿತು, ಇವತ್ತೇ ಆಚಾರಿಯನ್ನು ಕರೆಸಿ ಮತ್ತೆ ಮಂಚ ಮಾಡಿಸುತ್ತೇನೆ ಎಂದು ಗೋಗರೆದ.

"ಲೇ, ಅದರ ತಂಟೆಗೆ ಹೋದ್ರೆ ನೋಡು," ಎಂದೆ. "ಇಷ್ಟು ಕೆಟ್ಟ ಬಣ್ಣ ನನ್ನ ಜನ್ಮದಲ್ಲೇ ನೋಡಿಲ್ಲ ಕಣೋ. ಒಂದೊಂದು ಮೊಳೆನೂ ಕಾಣ್ತೈತೆ."

ಅಳುತ್ತಲೇ ನಗುತ್ತಿದ್ದ ನನ್ನನ್ನು ಕಂಡು ಅವನು ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ. ನಾನು ಸೊಸೆಯನ್ನು ಪಕ್ಕಕ್ಕೆ ಸರಿಸಿ ಹುಳು ಮನೆಗೆ ನಡೆದೆ.