ಟೋಬ್ ಅಜ್ಜನ ಸಮಾಧಿಯ ಮೇಲೆ ಕಪ್ಪೆಚಿಪ್ಪು

ಫೆಬ್ರವರಿಯಲ್ಲಿ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ, ಹಸು ಕರೆಯುವವರು ಯಾರು ಎನ್ನುವುದಕ್ಕಿಂತ ಮೊದಲು ವರ್ಡಿ ಲೆಡ್‌ಫರ್ಡ್‌ಗೆ ಹೊಳೆದದ್ದು, ಮೇ ತಿಂಗಳಲ್ಲಿ ಟೋಬ್ ಅಜ್ಜನ ಸಮಾಧಿಗೆ ಮಣ್ಣು ಏರಿಸುವವರು ಯಾರು ಎಂಬ ಯೋಚನೆ.

ಟೆನೆಸಿಯ ಆ ಗುಡ್ಡಗಳಲ್ಲಿ ಸಮಾಧಿಯ ಮೇಲೆ ಹುಲ್ಲು ಬೆಳೆಯಲು ಬಿಟ್ಟರೆ ಸತ್ತವರನ್ನು ಕೈಬಿಟ್ಟಂತೆ. ಮೇ ತಿಂಗಳಲ್ಲಿ ಊರೆಲ್ಲ ಸಮಾಧಿಗಳ ಬಳಿ ಸೇರಿ ಉಣ್ಣುವ ಸಿಂಗಾರದ ಭಾನುವಾರಕ್ಕೆ ಮೊದಲು ಪ್ರತಿ ಮನೆಯವರೂ ಬಂದು ತಮ್ಮವರ ಸಮಾಧಿಯ ಹುಲ್ಲು ಕೆತ್ತುತ್ತಾರೆ, ಮಣ್ಣನ್ನು ದಿಬ್ಬವಾಗಿ ಏರಿಸುತ್ತಾರೆ. ಅದರ ಮೇಲೆ ಗುಡ್ಡದವರು ಬಿಳಿ ಬೆಣಚುಕಲ್ಲು ಜೋಡಿಸಿದರೆ ಹೊಳೆಕಡೆಯವರು ಕಪ್ಪೆಚಿಪ್ಪು ಜೋಡಿಸುತ್ತಾರೆ. ಜೋಡಿಸಿದರೆಂದರೆ ಕೆಳಗೆ ಮಲಗಿರುವವನು ತಮ್ಮವನೆಂದು ಊರಿಗೆ ಸಾರಿದ ಹಾಗೆ. ಪರರ ಸಮಾಧಿಗೆ ಯಾರೂ ಕೈ ಹಚ್ಚುವುದಿಲ್ಲ.

ಟೋಬ್ ಅಜ್ಜನ ಕಲ್ಲಿನ ಮೇಲೆ ಹೆಸರಿಲ್ಲ. ಎಲ್ಲಿಂದಲೋ ಬಂದು, ಕುರ್ಚಿಗಳಿಗೆ ಮರದ ತೊಗಟೆ ಹೆಣೆದುಕೊಂಡು, ಯಾರ ತಂಟೆಗೂ ಹೋಗದೆ ಬದುಕಿದ ಮುದುಕ. ಅವನೇ ಈಲಮ್ ಸ್ಟ್ರೌಡ್ ಎನ್ನುವುದು ಲೆಡ್‌ಫರ್ಡ್ ಮನೆತನದ ನಂಬಿಕೆ. ಕರಡಿಯ ಜೊತೆ ಒಂದೇ ಗುಹೆಯಲ್ಲಿ ಚಳಿಗಾಲ ಕಳೆದನೆಂದೂ, ತುಂಬಿದ ಹೊಳೆಯನ್ನು ಒಂದೇ ನೆಗೆತಕ್ಕೆ ದಾಟಿದನೆಂದೂ ಮಕ್ಕಳಿಗೆ ಕಥೆ ಹೇಳುತ್ತಾರಲ್ಲ, ಆ ಈಲಮ್ ಸ್ಟ್ರೌಡ್. ಎಷ್ಟೋ ತಲೆಮಾರುಗಳ ಹಿಂದೆ ದೊರೆಯ ಸೈನಿಕರು ಹೊಳೆದಂಡೆಯ ಮರದ ಕೋಟೆಗೆ ಬೆಂಕಿ ಇಟ್ಟ ದಿನ ಅವನಿಗೇನಾಯಿತು ಎನ್ನುವುದೇ ಜಗಳ. ಹೊಳೆಕಡೆಯವರ ಪ್ರಕಾರ ಅವನು ಗೋಡೆ ಬಿಟ್ಟು ಕದಲಲಿಲ್ಲ. ಮದ್ದು ಮುಗಿದ ಮೇಲೆ ಕೋವಿಯನ್ನೇ ದೊಣ್ಣೆ ಮಾಡಿಕೊಂಡು ಹೊಡೆದಾಡಿ ಸತ್ತ. ಗುಡ್ಡದವರ ಪ್ರಕಾರ ಅವನು ಕೋವಿ ಕೆಳಗಿಟ್ಟು, ಎರಡು ಮಕ್ಕಳನ್ನು ಎತ್ತಿಕೊಂಡು, ಜೊಂಡಿನ ನಡುವೆ ತೆವಳಿ ಪಾರಾದ. ಹೆಸರು ಬದಲಿಸಿಕೊಂಡು ಗುಡ್ಡದಲ್ಲಿ ಮುದುಕನಾಗಿ ಸತ್ತ. ಆ ಮಕ್ಕಳಲ್ಲಿ ಒಬ್ಬಳಿಂದಲೇ ಲೆಡ್‌ಫರ್ಡ್ ಸಂತಾನ ಬೆಳೆದದ್ದು. ಹೊಳೆಕಡೆಯ ಗಾಸ್ ಮನೆತನದ ಹಿರಿಯನೋ ಅದೇ ಗೋಡೆಯ ಬಳಿ ಪ್ರಾಣ ಬಿಟ್ಟವನು. ಈಲಮ್ ಎದ್ದು ಹೋದನೆಂದರೆ ಆ ಹಿರಿಯನನ್ನು ಒಂಟಿಯಾಗಿ ಸಾಯಲು ಬಿಟ್ಟನೆಂದಾಯಿತು. ಹಾಗಾಗಿ ಎರಡೂ ಮನೆಯವರು ಪಟ್ಟು ಸಡಿಲಿಸುವ ಹಾಗಿರಲಿಲ್ಲ.

ವರ್ಡಿಯ ಅಕ್ಕ ಓನಾ ಮದುವೆಯಾದದ್ದು ಅದೇ ಗಾಸ್ ಮನೆಯ ಹಾರ್ಲನ್‌ನನ್ನು. ಮದುವೆಯ ಮರುವರ್ಷ, ಸಿಂಗಾರದ ಭಾನುವಾರದ ಊಟದಲ್ಲಿ, ಕೈಯಲ್ಲಿ ಹುರಿದ ಕೋಳಿಕಾಲು ಹಿಡಿದುಕೊಂಡೇ ಹಾರ್ಲನ್ ಅಂದಿದ್ದ: "ಮಾವ, ಇಲ್ಲಿ ಮಲಗಿರೋನು ಬರೀ ಕುರ್ಚಿ ಹೆಣೆಯೋನು. ಈಲಮ್ ಸ್ಟ್ರೌಡ್ ಮೊಲದ ಹಾಗೆ ಓಡಿಹೋಗೋ ಗಂಡಸಲ್ಲ."

ಅಪ್ಪ ಎದ್ದು ನಿಂತರು. "ಹಾಗಾದ್ರೆ ನೀನು ಇನ್ಮೇಲೆ ಈ ಗುಡ್ಡಕ್ಕೆ ಕಾಲಿಡಬೇಡ," ಅಂದರು.

ಗಂಡನ ಹಿಂದೆ ಓನಾ ಕೂಡ ತಟ್ಟೆ ಬಿಟ್ಟು ಎದ್ದಳು. ಅಪ್ಪ ತೀರಿಹೋಗಿ ಎಷ್ಟೋ ವರ್ಷಗಳಾದವು. ಅವರ ಮಾತು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತು. ಪೇಟೆಯ ಅಂಗಡಿಯಲ್ಲಿ ಎದುರಾದರೆ ಅಕ್ಕತಂಗಿಯರು ಮಳೆಯ ವಿಷಯ ಮಾತಾಡಿ ಬೇರೆಯಾಗುತ್ತಿದ್ದರು. ಈಗ ವರ್ಡಿಗೆ ಎಪ್ಪತ್ತು ದಾಟಿತ್ತು. ಓನಾಗೆ ಈ ಚಳಿಗಾಲದಲ್ಲಿ ಎದೆನೋವು ಬಂದುಹೋಗಿತ್ತು. ಒಂದು ಸಲವಾದರೂ ಅಕ್ಕ ಗುಡ್ಡದ ಮೇಲೆ ತನ್ನ ಪಕ್ಕ ಕೂತು ಉಣ್ಣಬೇಕು, ಅಂದು ಅರ್ಧಕ್ಕೆ ಬಿಟ್ಟ ಊಟ ಮುಗಿಸಬೇಕು ಎನ್ನುವುದೊಂದೇ ವರ್ಡಿಯ ಆಸೆ. ಆದರೆ ಅಪ್ಪನ ಮಾತು ಮೀರಿ ಕರೆಯಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ತಮ್ಮನ ಮಗ ಕ್ಲೆಲ್ ಸಮಾಧಿಯ ಕೆಲಸ ತಾನು ಮಾಡುತ್ತೇನೆಂದು ಮಾತು ಕೊಟ್ಟಿದ್ದ. ನಾಳೆ ನಾಳೆ ಎನ್ನುತ್ತಲೇ ಸಿಂಗಾರದ ಹಿಂದಿನ ಶನಿವಾರ ಬಂತು. ಬೆಳಿಗ್ಗೆ ಅವನು ಗುದ್ದಲಿಯನ್ನೂ ಬೆಣಚುಕಲ್ಲಿನ ಚೀಲವನ್ನೂ ಹೊತ್ತು ಮುಂದೆ ನಡೆದ. ವರ್ಡಿ ಸೊಟ್ಟಗಾದ ಕೈಯನ್ನು ಎದೆಗೊತ್ತಿಕೊಂಡು ಹಿಂದೆ ಹತ್ತಿದಳು. ಸಮಾಧಿಯ ಎದುರು ಕ್ಲೆಲ್ ನಿಂತುಬಿಟ್ಟ.

"ಅತ್ತೆ, ಯಾರೋ ನಮ್ಮ ಅಜ್ಜನ್ನ ಕದ್ದುಬಿಟ್ಟಿದ್ದಾರೆ."

"ಅಲ್ಲೇ ಇದ್ದಾನಲ್ಲೋ."

ಹುಲ್ಲು ಒಂದು ಎಸಳೂ ಇರಲಿಲ್ಲ. ಕೆಂಪು ಮಣ್ಣು ದಿಬ್ಬವಾಗಿ ಏರಿತ್ತು. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಸಾಲುಸಾಲಾಗಿ ಕಪ್ಪೆಚಿಪ್ಪುಗಳು ಹೊಳೆಯುತ್ತಿದ್ದವು.

"ಇದು ಗಾಸ್‌ಗಳ ಕೆಲಸಾನೇ," ಅಂದ ಕ್ಲೆಲ್. "ಹೋದ ತಿಂಗಳು ಸರ್ಕಾರದವ್ರು ಹೆದ್ದಾರಿ ಪಕ್ಕ ಫಲಕ ನೆಟ್ಟು, ಈಲಮ್ ಗೋಡೆ ಹತ್ರಾನೇ ಸತ್ತ ಅಂತ ಬರೆಸಿದ್ದೇ ತಡ, ಅವ್ರ ಕಾಲು ನೆಲದ ಮೇಲೆ ನಿಲ್ತಿಲ್ಲ. ಸತ್ತ ಜಾಗಾನೂ ಅವ್ರದ್ದೇ, ಹೂತ ಜಾಗಾನೂ ಅವ್ರದ್ದೇ ಆಗ್ಬೇಕಾ?"

"ಇಲ್ಲಿರೋನು ಈಲಮ್ ಅಲ್ಲ ಅಂತಾನೇ ಅಲ್ವೇನೋ ಅವರ ವಾದ? ಅಲ್ಲದೋನನ್ನ ಯಾಕೋ ಕದೀತಾರೆ?"

ಕ್ಲೆಲ್ ಚೀಲದ ಬಾಯಿ ಬಿಚ್ಚಿದ. "ಅದೆಲ್ಲ ನಂಗೊತ್ತಿಲ್ಲ. ನಾಳೆ ಜನ ಬರೋ ಹೊತ್ತಿಗೆ ಇದು ಇಲ್ಲಿರಬಾರದು. ಚೀಲಕ್ಕೆ ತುಂಬಿ ಅವ್ರ ಅಂಗಳದಲ್ಲೇ ಸುರಿದು ಬರ್ತೀನಿ."

ಅವನು ಬೆಣಚುಕಲ್ಲುಗಳನ್ನು ನೆಲಕ್ಕೆ ಸುರಿದು ಚೀಲ ಖಾಲಿ ಮಾಡಿದ. ಆ ಚೀಲ ಹಾರ್ಲನ್ನನ ಅಂಗಳದಲ್ಲಿ ಬಿಚ್ಚಿಕೊಂಡರೆ ಮುಂದೆ ಅಂಗಡಿಯಲ್ಲಿ ಮಳೆಯ ಮಾತೂ ಇರುವುದಿಲ್ಲ ಎಂದು ವರ್ಡಿಗೆ ಗೊತ್ತಿತ್ತು.

"ತಡಿ," ಎಂದು ಅವಳು ಮೊಣಕಾಲೂರಿ ಕೂತಳು.

ಚಿಪ್ಪುಗಳೆಲ್ಲ ಹೊಳೆಕಡೆಯ ಪದ್ಧತಿಯಂತೆ ಬೋರಲಾಗಿದ್ದವು. ತಲೆಯ ಬದಿಯಲ್ಲಿ ಒಂದೇ ಒಂದು ಮಾತ್ರ ಅಂಗಾತವಾಗಿತ್ತು. ಅದರಲ್ಲಿ ಯಾರೋ ನೀರು ತುಂಬಿಸಿದ್ದರು.

ಚಿಕ್ಕವರಿದ್ದಾಗ ಒಮ್ಮೆ ಅಪ್ಪನ ಜೊತೆ ಹೊಳೆಗೆ ಹೋದ ಓನಾ ಒಂದು ಚಿಪ್ಪು ತಂದು ಇದೇ ಜಾಗದಲ್ಲಿ ಹೀಗೇ ಇಟ್ಟಿದ್ದಳು. ಟೋಬ್ ಅಜ್ಜ ಬದುಕಿದ್ದಾಗ ದಿನಾ ಹಕ್ಕಿಗಳಿಗೆ ನೀರಿಡುತ್ತಿದ್ದನೆಂದು ಅಜ್ಜಿ ಹೇಳಿದ್ದು ಅವಳ ಮನಸ್ಸಿನಲ್ಲಿ ಕೂತಿತ್ತು. ಆ ವಿಷಯ ಗೊತ್ತಿದ್ದವರು ಈ ಭೂಮಿಯ ಮೇಲೆ ಈಗ ಇಬ್ಬರೇ.

ವರ್ಡಿ ಮುಂದೆ ಕಟ್ಟಿದ್ದ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಒಂದು ಚಿಪ್ಪೂ ಮುಟ್ಟಬೇಡ. ಗಾಡಿ ತೆಗಿ. ಮನೆ ಹತ್ರ ನಿಲ್ಲಿಸು, ಕೇಕ್ ತಗೋಬೇಕು."

"ಯಾವ ಕೇಕು? ನಾಳೆಗೆ ಮಾಡಿರೋ ಸೇಬಿನ ಕೇಕಾ? ಜಗಳಕ್ಕೆ ಹೋಗೋರು ಯಾರಾದ್ರೂ ಕೇಕ್ ತಗೊಂಡು ಹೋಗ್ತಾರಾ ಅತ್ತೆ?"

"ಹಿಂದಿನ ಜಗಳ ಕೇಕಿಲ್ಲದೇ ಆಯ್ತು, ಏನಾಯ್ತು ಅಂತ ಕೇಳಿದ್ಯಲ್ಲ. ನಡಿ."

ಹೊಳೆದಂಡೆಯ ಮನೆಯ ಜಗಲಿಯಲ್ಲಿ ಹಾರ್ಲನ್ ಮೀನಿನ ಬಲೆ ಹೊಲಿಯುತ್ತಿದ್ದ. ಕಂಬಕ್ಕೆ ಒರಗಿಸಿದ್ದ ಗುದ್ದಲಿಗೆ ಕೆಂಪು ಮಣ್ಣು ಮೆತ್ತಿತ್ತು. ಹೊಳೆಕಡೆಯ ಮಣ್ಣೆಲ್ಲ ಕಪ್ಪು. ವರ್ಡಿ ಗುದ್ದಲಿ ನೋಡಿದಳು. ಅವಳು ನೋಡಿದ್ದನ್ನು ಹಾರ್ಲನ್ ನೋಡಿದ.

"ಬಾ ವರ್ಡಿ. ಕೈ ಹೇಗಿದೆ?"

"ಹೇಳಿದ್ದು ಕೇಳುತ್ತೆ, ಭಾರ ಮಾತ್ರ ಎತ್ತಲ್ಲ. ಭಾವ, ಚಿಪ್ಪಿಟ್ಟಿದ್ದು ನೀವೇನಾ?"

ಅವನು ಸೂಜಿಯನ್ನು ಬಲೆಗೆ ಚುಚ್ಚಿ ನಿಲ್ಲಿಸಿದ. "ಮೊದಲೇ ಹೇಳ್ಬಿಡ್ತೀನಿ. ಈಲಮ್ ಸತ್ತಿದ್ದು ಗೋಡೆ ಹತ್ರ. ಅದರಲ್ಲಿ ಎರಡು ಮಾತಿಲ್ಲ."

"ನಾನದನ್ನ ಕೇಳಲಿಲ್ಲ."

"ಅಲ್ಲಿ ಮಲಗಿರೋನು ಯಾರಾದ್ರೂ ಆಗಿರಲಿ, ಇಷ್ಟು ವರ್ಷ ನೀನು ಅವನ ಹಾಸಿಗೆ ಸರಿಮಾಡಿದ್ದೀಯ. ನಿನ್ನ ಕೈ ಮುರೀತು ಅಂತ ಕೇಳಿದೆ. ಆ ಕ್ಲೆಲ್ ಮೇಲೆ ನಂಬಿಕೆ ಇರಲಿಲ್ಲ."

ಗಾಡಿಯ ಬಳಿ ನಿಂತಿದ್ದ ಕ್ಲೆಲ್ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ.

ಒಳಗಿನಿಂದ ಓನಾ ಬಂದಳು. ತೆಳ್ಳಗಾಗಿದ್ದಳು. "ನಾನು ಬೇಡ್ಕೊಂಡೆ ಕಣೇ, ಚಿಪ್ಪು ಹಾಕಬೇಡಿ, ಗುಡ್ಡದವ್ರು ತಪ್ಪು ತಿಳೀತಾರೆ ಅಂತ. ಮಣ್ಣು ಏರಿಸಿ ಬರಿದಾಗಿ ಬಿಡೋದು ಹೇಗೆ, ಬಟ್ಟೆ ಇಲ್ಲದೆ ಮಲಗಿಸಿದ ಹಾಗಾಗುತ್ತೆ ಅಂದ್ರು. ಈ ಹೊಳೇಲಿ ಬಿಳಿಕಲ್ಲು ಎಲ್ಲಿ ಸಿಗುತ್ತೆ ಅಂತ ನನ್ನ ಮೇಲೇ ರೇಗಿದ್ರು."

"ಹಕ್ಕಿಗೆ ನೀರಿಟ್ಟಿದ್ದು ನೋಡಿದೆ," ಅಂದಳು ವರ್ಡಿ.

"ಅದೊಂದು ಇಟ್ಟು ಬನ್ನಿ ಅಂತ ನಾನೇ ಹೇಳಿ ಕಳಿಸಿದ್ದೆ," ಎನ್ನುತ್ತಾ ಓನಾ ತಂಗಿಯ ಎಡಗೈಯಿಂದ ಕೇಕಿನ ತಟ್ಟೆ ತೆಗೆದುಕೊಳ್ಳಲು ಬಂದಳು. ವರ್ಡಿ ಬಿಡಲಿಲ್ಲ.

"ಇದು ಇಲ್ಲಿ ತಿನ್ನೋಕಲ್ಲ ಅಕ್ಕ. ನಿಂಗೆ ತೋರಿಸಿ ಹೋಗೋಣ ಅಂತ ತಂದೆ. ನಾಳೆ ಗುಡ್ಡಕ್ಕೆ ಬಂದು ತಿನ್ನು. ಭಾವನೂ ಬರ್ಲಿ."

ಹಾರ್ಲನ್ ಹೊಳೆಯ ಕಡೆ ನೋಡಿದ. "ಕಾಲಿಡಬೇಡ ಅಂದಿದ್ದಾರೆ ನಿಮ್ಮಪ್ಪ."

"ಇಟ್ಟಾಯ್ತಲ್ಲ. ಗುದ್ದಲಿ ಸಮೇತ."

ಮುದುಕ ಗುದ್ದಲಿಯನ್ನು ನೋಡಿದ, ತನ್ನ ಬೂಟಿನ ಅಂಚಿನ ಕೆಂಪು ಮಣ್ಣನ್ನು ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು.

ಭಾನುವಾರ ಅವರು ಬಂದರು. ಓನಾಗೆ ಏರು ಕಷ್ಟವಾಗಿ ಮೂರು ಕಡೆ ಕೂತು ಬಂದಳು. ಪ್ರತಿ ಸಲವೂ ಹಾರ್ಲನ್ ತನ್ನ ಕೋಟು ಹಾಸಿದ. ಜನ ಸಮಾಧಿಯನ್ನು ನೋಡಿ ಪಿಸುಗುಟ್ಟುವ ಹೊತ್ತಿಗೆ ಅಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಚಿಪ್ಪಿನ ಸಾಲುಗಳ ನಡುನಡುವೆ ಬಿಳಿ ಬೆಣಚುಕಲ್ಲುಗಳು ಕೂತಿದ್ದವು. ಕೇಳಿದವರಿಗೆ ಕ್ಲೆಲ್, "ಹೊತ್ತು ತಂದಾಗಿತ್ತು. ವಾಪಸ್ ಯಾರು ಹೊರ್ತಾರೆ?" ಎಂದಷ್ಟೇ ಅಂದ.

ಓಕ್ ಮರಗಳ ಕೆಳಗೆ ಹಲಗೆ ಹಾಕಿ ಊಟ ಬಡಿಸಿದರು. ಹುರುಳಿಕಾಯಿ, ಹುರಿದ ಕೋಳಿ, ಮೆಕ್ಕೆಜೋಳದ ರೊಟ್ಟಿ. ಪ್ರತಿ ವರ್ಷದಂತೆ ಮಕ್ಕಳು ಈಲಮ್ ಕಥೆ ಕೇಳಿದರು. ವರ್ಡಿ ಜೊಂಡಿನ ತನಕ ಹೇಳಿ, "ಇನ್ನು ಗೋಡೆ ಕಥೆ ನಿಮ್ಮ ಹಾರ್ಲನ್ ಅಜ್ಜ ಹೇಳ್ತಾರೆ," ಎಂದು ಬಿಟ್ಟುಕೊಟ್ಟಳು. ಹಾರ್ಲನ್ ಎದ್ದು ನಿಂತು, ಊರುಗೋಲನ್ನೇ ಕೋವಿಯಾಗಿ ಬೀಸಿ, ಪಕ್ಕದವರ ಟೋಪಿ ಹಾರಿಸಿದ.

"ಹಾಗಾದ್ರೆ ನಿಜ ಯಾವುದು?" ಎಂದು ಒಂದು ಹುಡುಗಿ ಕೇಳಿದಳು.

ಓನಾ ರೊಟ್ಟಿ ಮುರಿಯುತ್ತಾ ಹೇಳಿದಳು: "ಯಾರೋ ಒಬ್ಬ ಗೋಡೆ ಹತ್ರ ನಿಂತಿದ್ದಕ್ಕೇ ಯಾರೋ ಒಬ್ಬ ಮಕ್ಕಳನ್ನ ಎತ್ಕೊಂಡು ಹೋಗೋಕಾಯ್ತು. ಯಾವನು ಯಾರು ಅಂತ ನಂಗೆ ಗೊತ್ತಿಲ್ಲಮ್ಮ. ಇಬ್ಬರೂ ಇದ್ದಿದ್ದಂತೂ ಹೌದು."

"ನಿಂತೋನು ಈಲಮ್," ಎಂದು ಗೊಣಗುತ್ತಾ ಹಾರ್ಲನ್ ಕೇಕಿಗೆ ಎರಡನೇ ಸಲ ತಟ್ಟೆ ಚಾಚಿದ.

ವರ್ಡಿ ಎಡಗೈಯಲ್ಲಿ ಚಾಕು ಹಿಡಿದಳು, ಕೇಕು ಜಾರಿತು. ಓನಾ ಕೈ ಚಾಚಿ ಅದನ್ನು ಅಲುಗದಂತೆ ಹಿಡಿದುಕೊಂಡಳು. ತುಂಡು ಭಾವನಿಗೆ ಹೋಯಿತು. ಓನಾ ತನ್ನ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಆತುರವಿಲ್ಲದೆ, ಕೊನೆಯ ತುಣುಕಿನವರೆಗೂ ಉಂಡಳು.